ಹಳೆಯ ಮಾವಿನ ಮರಕ್ಕೆ ಮೂರು ವರ್ಷದ ಚಾಟಣಿ



ಮಿರಜ, ಜತ್ತ, ಅಥಣಿ, ಕಾಗವಾಡ ಕಡೆಯ ಸದಸ್ಯರು ಸಭೆಗೆ ಬಂದಾಗಲೆಲ್ಲ ಒಂದು ಮಾತು ಕೇಳುತ್ತಾರೆ: “ಮುತ್ಯಾ ಹಚ್ಚಿದ ಮಾವಿನ ಗಿಡ ಮುಗಿಲಿಗೆ ಮುಟ್ಯಾವ್ರಿ, ಕಾಯಿ ಮಾತ್ರ ಇಲ್ಲ. ಕಡದ ಬಿಡೋಣೇನ್ರಿ?” ಡಿಸೆಂಬರ್ ಹತ್ತಿರ ಬಂದಿದೆ. ಹಳೆಯ ಮಾವನ್ನು ಸವರುವ ಕಾಲ ಅದೇ. ಆದ್ದರಿಂದ ಎಲ್ಲರಿಗೂ ಒಟ್ಟಿಗೆ ಇಲ್ಲಿ ಉತ್ತರ ಬರೆಯುತ್ತಿದ್ದೇವೆ.

ನಾವು ಕೃಷಿ ಪಂಡಿತರಲ್ಲ. ಆಯುಷ್ಯವೆಲ್ಲ ಕಚೇರಿಯಲ್ಲಿ ಕಡತ ನೋಡಿಕೊಂಡು ನಿವೃತ್ತರಾದವರು. ಆದರೆ ಸಲಗರೆಯ ಒಂದು ಹೊಲದಲ್ಲಿ ನಮ್ಮ ಸಲಹೆಯಿಂದಲೇ ಒಂದು ಮರ ಸತ್ತಿತು. ಅದರ ನಂತರ ಉಳಿದ ಹತ್ತು ಮರಗಳನ್ನು ಉಳಿಸುವ ಕೆಲಸದಲ್ಲಿ ನಾವೂ ಜೊತೆಗಿದ್ದೆವು. ಅಲ್ಲಿ ಕಂಡದ್ದನ್ನೂ ತಿಳಿದವರಿಂದ ಕೇಳಿ ಕಲಿತದ್ದನ್ನೂ ಕೂಡಿಸಿ ಬರೆದಿದ್ದೇವೆ.

ಸಲಗರೆಯ ಮಡ್ಡಿ ಹೊಲ

ಸಲಗರೆ ಮಿರಜ ತಾಲೂಕಿನ ಪೂರ್ವಕ್ಕೆ, ಮಿರಜ–ಪಂಢರಪುರ ರೈಲು ಮಾರ್ಗದ ಮೇಲಿದೆ. ಕೃಷ್ಣಾ ದಂಡೆಯ ಕರಿಮಣ್ಣು ಇಲ್ಲಿಗೆ ಬರುವಷ್ಟರಲ್ಲಿ ಮುಗಿದು, ಮುರಮಿನ ಮಡ್ಡಿ ಶುರುವಾಗುತ್ತದೆ. ಮಳೆ ಕಡಿಮೆ. ಮ್ಹೈಸಾಳ ಏತ ನೀರಾವರಿಯ ನೀರು ಬರುವ ಮೊದಲು ಇಂಥ ಹೊಲದಲ್ಲಿ ನೀರಿಲ್ಲದೆ ಬದುಕುತ್ತಿದ್ದದ್ದು ಬೇವು, ಹುಣಸೆ ಮತ್ತು ಜವಾರಿ ಮಾವು ಮಾತ್ರ. ನೀರು ಬಂದ ಮೇಲೆ ಸುತ್ತಲೂ ದ್ರಾಕ್ಷಿ ಬಂತು. ಆಮೇಲೆ ಮಾವಿನ ಮರ ನಿಂತ ಜಾಗ ಎಲ್ಲರ ಕಣ್ಣಿಗೂ ಸುಮ್ಮನೆ ಬಿದ್ದ ಜಾಗದಂತೆ ಕಾಣತೊಡಗಿತು.

ನಮ್ಮ ಸದಸ್ಯರೊಬ್ಬರ ಮನೆತನದ ಹೊಲ ಇಂಥದ್ದೇ. ಮೇಲಿನಿಂದ ಹಳ್ಳದವರೆಗೆ ಇಳಿಜಾರು. ಅಜ್ಜ ಹಚ್ಚಿದ ಹನ್ನೊಂದು ಮಾವಿನ ಮರ. ಮೂವರು ಅಣ್ಣತಮ್ಮಂದಿರಲ್ಲಿ ಇಬ್ಬರು ನೌಕರಿಗೆ ಹೊರಗೆ ಹೋದರು. ಇಪ್ಪತ್ತು ವರ್ಷ ಯಾರೂ ಮರಕ್ಕೆ ಕತ್ತರಿ ಹಚ್ಚಲಿಲ್ಲ. ಟೊಂಗೆಗೆ ಟೊಂಗೆ ಕೂಡಿ ಒಳಗೆ ಕತ್ತಲಾಯಿತು. ಕಾಯಿ ತುದಿಯಲ್ಲಷ್ಟೇ. ಅವೂ ಕಿತ್ತಲು ಸಿಗದೆ ಬಿದ್ದು ಒಡೆಯುತ್ತಿದ್ದವು. ಕಟ್ಟಿಗೆ ವ್ಯಾಪಾರಿ ಬಂದು ದರ ಹೇಳಿ ಹೋದ. ನಡುವಿನ ತಮ್ಮ ಮಾರಿ ದ್ರಾಕ್ಷಿ ಹಚ್ಚೋಣ ಎಂದರು. ದೊಡ್ಡವರಿಗೆ ಮನಸ್ಸಿರಲಿಲ್ಲ. ಮಾತು ನಮ್ಮ ಹತ್ತಿರ ಬಂತು.

ನಾವು ಸುಲಭವಾಗಿ ಹೇಳಿಬಿಟ್ಟೆವು: “ದ್ರಾಕ್ಷಿಗೆ ಚಾಟಣಿ ಮಾಡ್ತೀರಲ್ಲ, ಹಂಗ ಇದಕ್ಕೂ ಮಾಡ್ರಿ. ಮೊದಲ ಒಂದು ಗಿಡ ನೋಡ್ರಿ.” ಏಪ್ರಿಲ್ ತಿಂಗಳಲ್ಲಿ ಒಂದೇ ದಿನಕ್ಕೆ ಒಂದು ಮರವನ್ನು ಬೋಳು ಮಾಡಿದರು. ನಾಲ್ಕು ಮೊಂಡು ತೋಳು ಮಾತ್ರ ಉಳಿದವು. ಜೂನಿನಲ್ಲಿ ಚಿಗುರು ಬಂತು, ಎಲ್ಲರಿಗೂ ಖುಷಿಯಾಯಿತು. ದೀಪಾವಳಿಯ ಹೊತ್ತಿಗೆ ಪಡುವಣ ಬದಿಯ ತೊಗಟೆ ಸೀಳಿತ್ತು. ಸೀಳಿನಲ್ಲಿ ಹುಳು ಹೊಕ್ಕಿತ್ತು. ಮುಂದಿನ ಬೇಸಿಗೆಯಲ್ಲಿ ಮರ ಒಣಗಿತು.

ಆ ಮನೆಯ ಆಯಿಗೆ ಎಂಬತ್ತು ದಾಟಿದೆ. ಒಣಗಿದ ಮರ ನೋಡಿ ಆಕೆ ಮಕ್ಕಳಿಗೆ ಬೈಯಲಿಲ್ಲ, ನಮಗೂ ಬೈಯಲಿಲ್ಲ. “ಉಳಿದಿದ್ದು ಕಡಿಯೂದಾದ್ರ ನಾ ಹ್ವಾದ ಮ್ಯಾಲ ಕಡೀರೆಪಾ” ಎಂದಷ್ಟೇ ಅಂದರು. ಅಣ್ಣತಮ್ಮಂದಿರು ಕೂತು ಮಾತಾಡಿ, ಮೂರು ವರ್ಷ ಯಾರೂ ಮರ ಮಾರಬಾರದು, ಆಮೇಲೆ ನೋಡೋಣ ಎಂದು ಒಪ್ಪಿದರು. ಆ ಕಾಗದ ಬರೆದವರು ನಾವೇ. ಮೂರು ಸಹಿ ಬಿದ್ದವು.

ಕಾಯಿ ಏಕೆ ನಿಲ್ಲುತ್ತದೆ

ಮಾವು ಹೂ ಬಿಡುವುದು ಬಲಿತ ಕಡ್ಡಿಯ ತುದಿಯಲ್ಲಿ. ಈ ವರ್ಷ ಮಳೆಗಾಲದಲ್ಲಿ ಬಂದ ಚಿಗುರು ಬಿಸಿಲು ಕುಡಿದು ಬಲಿತರೆ ಚಳಿಗಾಲದಲ್ಲಿ ಅದರ ತುದಿಗೆ ಹೂ ಬರುತ್ತದೆ. ನೆರಳಿನಲ್ಲಿ ಬೆಳೆದ ಕಡ್ಡಿ ತೆಳ್ಳಗೆ ಉಳಿಯುತ್ತದೆ, ಅಲ್ಲಿ ಹೂ ಬರುವುದಿಲ್ಲ.

ಮರ ವರ್ಷವರ್ಷ ಬೆಳೆದಂತೆ ಬಿಸಿಲು ಹೊರಗಿನ ಎಲೆಗಳಿಗಷ್ಟೇ ಸಿಗುತ್ತದೆ. ಒಳಗಿನ ಕಡ್ಡಿಗಳು ಒಣಗುತ್ತವೆ. ಬಿಸಿಲು ಹುಡುಕಿಕೊಂಡು ಮರ ಇನ್ನೂ ಮೇಲಕ್ಕೆ ಹೋಗುತ್ತದೆ. ಕೊನೆಗೆ ಛತ್ರಿಯ ಬಟ್ಟೆಯಂತೆ ಮೇಲೊಂದು ಪದರ ಮಾತ್ರ ಹಸಿರು, ಕೆಳಗೆಲ್ಲ ಬರಿ ಕಟ್ಟಿಗೆ. ಆ ಕಟ್ಟಿಗೆಯನ್ನೆಲ್ಲ ಸಾಕುವ ಖರ್ಚು ಆ ಒಂದು ಪದರದ ಮೇಲೆ. ಗಾಳಿಯಾಡದ್ದರಿಂದ ಜಿಗಿಹುಳು, ಬೂದಿರೋಗಗಳಿಗೂ ಅನುಕೂಲ. ಅಂದರೆ ಮರಕ್ಕೆ ಮುಪ್ಪು ಬಂದಿಲ್ಲ, ಬೆಳಕು ತಪ್ಪಿದೆ. ಆದ್ದರಿಂದ ಚಾಟಣಿಯ ಉದ್ದೇಶ ಮರವನ್ನು ಚಿಕ್ಕದು ಮಾಡುವುದಷ್ಟೇ ಅಲ್ಲ, ಒಳಗೆ ಬೆಳಕು ಬಿಡುವುದು.

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಒಡ್ಡು ಕಟ್ಟಿ ಆಲಿವ್ ಮರ ಬೆಳೆಸುತ್ತಾರೆ. ಅವೂ ನೂರಾರು ವರ್ಷ ಬಾಳುವ ಮರಗಳು, ಬಿಟ್ಟರೆ ಹೀಗೆಯೇ ಕಾಡಾಗುವಂಥವು. ಚೆನ್ನಾಗಿ ಸವರಿದ ಆಲಿವ್ ಮರದ ನಡುವಿನಿಂದ ಅಂಬರಗುಬ್ಬಿ ರೆಕ್ಕೆ ತಾಗಿಸದೆ ಹಾರಿ ಹೋಗಬೇಕು ಎಂಬ ಮಾತು ಅಲ್ಲಿನ ರೈತರಲ್ಲಿದೆ. ಮಾವಿಗೆ ಅಷ್ಟು ತೆರಪು ಬೇಡ. ನಮ್ಮ ಬಿಸಿಲು ಖಡಕ್ಕು, ಮಾವಿನ ತೊಗಟೆ ಸುಡುತ್ತದೆ. ಮಧ್ಯಾಹ್ನ ಬುಡದಲ್ಲಿ ನಿಂತಾಗ ನೆಲದ ಮೇಲೆ ಅಲ್ಲಲ್ಲಿ ಬಿಸಿಲಿನ ಚುಕ್ಕೆ ಕಂಡರೆ ಸಾಕು.

ದ್ರಾಕ್ಷಿಯ ಕೈ ಮಾವಿಗೆ ಬೇಡ

ನಮ್ಮ ಭಾಗದವರ ಕೈಗೆ ಚಾಟಣಿ ಹೊಸದಲ್ಲ. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು, ದ್ರಾಕ್ಷಿಗೆ ವರ್ಷಕ್ಕೆರಡು ಸಲ. ನಾವು ತಪ್ಪಿದ್ದೂ ಇಲ್ಲಿಯೇ. ದ್ರಾಕ್ಷಿ ಬಳ್ಳಿಯನ್ನು ಮೊದಲಿನಿಂದಲೂ ಪ್ರತಿವರ್ಷ ಕೊಯ್ದು ರೂಢಿ ಮಾಡಿರುತ್ತೇವೆ. ಡ್ರಿಪ್ಪಿನ ನೀರು, ಗೊಬ್ಬರ ಕೈಯಲ್ಲಿರುತ್ತದೆ. ಕೊಯ್ದ ಕೆಲವೇ ದಿನಕ್ಕೆ ಕಣ್ಣು ಒಡೆಯುತ್ತದೆ. ಇಪ್ಪತ್ತು ವರ್ಷ ಕತ್ತರಿ ಕಾಣದ ಮಾವು ಹಾಗಲ್ಲ. ನೆರಳಿನಲ್ಲಿದ್ದ ಅದರ ತೊಗಟೆ ಒಮ್ಮೆಲೆ ಏಪ್ರಿಲ್ ಬಿಸಿಲಿಗೆ ಬಿದ್ದರೆ ಸೀಳುತ್ತದೆ. ಎಲೆ ಎಲ್ಲ ಹೋದರೆ ಬೇರಿಗೆ ಅನ್ನ ಇಲ್ಲ.

ಲಖನೌ ಹತ್ತಿರ ರೆಹಮಾನ್‌ಖೇಡಾದಲ್ಲಿರುವ ಕೇಂದ್ರೀಯ ಉಪೋಷ್ಣವಲಯ ತೋಟಗಾರಿಕೆ ಸಂಸ್ಥೆಯು ಹಳೆಯ ಮಾವಿನ ತೋಟಗಳ ಪುನಶ್ಚೇತನದ ಬಗ್ಗೆ ಬಹಳ ಕೆಲಸ ಮಾಡಿದೆ. ಡಿಸೆಂಬರ್–ಜನವರಿಯಲ್ಲಿ ಕೊಯ್ಯುವುದು, ಗಾಯಕ್ಕೆ ತಾಮ್ರದ ಮದ್ದು ಹಚ್ಚುವುದು, ಬಂದ ಚಿಗುರಿನಲ್ಲಿ ಬೇಕಾದಷ್ಟನ್ನೇ ಉಳಿಸುವುದು ಅದರ ಮುಖ್ಯ ಮಾತುಗಳು. ಇಡೀ ಮರವನ್ನು ಒಂದೇ ಸಲ ತಗ್ಗಿಸುವ ಪದ್ಧತಿಯೂ ಇದೆ. ಅದಕ್ಕೆ ನೀರಿನ ಭರವಸೆ ಬೇಕು, ಹುಳುವಿನ ಮೇಲೆ ದಿನವೂ ಕಣ್ಣು ಬೇಕು. ನೀರು ನಿಲ್ಲದ ಮಡ್ಡಿ ಇಳಿಜಾರಿನಲ್ಲಿ, ಹೊಲಕ್ಕೆ ವಾರಕ್ಕೊಮ್ಮೆ ಹೋಗುವವರಿಗೆ, ಮೂರು ವರ್ಷಕ್ಕೆ ಹಂಚಿಕೊಳ್ಳುವುದೇ ಕ್ಷೇಮ.

ಮೂರು ವರ್ಷದ ಲೆಕ್ಕ

ಕೆಲಸಕ್ಕೆ ಮೊದಲು ಎರಡು ದಿನ ಮರವನ್ನು ಸುಮ್ಮನೆ ಸುತ್ತಿ ನೋಡಿ. ಹೋಗಬೇಕಾದ ಟೊಂಗೆಗೆ ಸುಣ್ಣದ ಗುರುತು ಹಾಕಿ. ಗುರುತು ಹಾಕುವವರು ಒಬ್ಬರೇ ಇರಲಿ. ನಾಲ್ಕು ಮಂದಿ ಗುರುತು ಹಾಕಿದರೆ ಮರದಲ್ಲಿ ಏನೂ ಉಳಿಯುವುದಿಲ್ಲ.

ಮೊದಲ ವರ್ಷ: ಒಣಗಿದ್ದು, ರೋಗ ಬಿದ್ದದ್ದು, ಒಂದರ ಮೇಲೊಂದು ತಿಕ್ಕಾಡುವುದು, ಬಂದಳಿಕೆ ಹಿಡಿದದ್ದು. ಇಷ್ಟನ್ನು ತೆಗೆದರೇ ಅರ್ಧ ಬೆಳಕು ಬರುತ್ತದೆ. ನಂತರ ನಟ್ಟನಡುವೆ ನೆಟ್ಟಗೆ ಮೇಲಕ್ಕೆ ಹೋದ ಒಂದು ದಪ್ಪ ಟೊಂಗೆ. ಅಲ್ಲಿಗೆ ನಿಲ್ಲಿಸಿ.

ಎರಡನೆಯ ವರ್ಷ: ಉಳಿದ ದೊಡ್ಡ ಟೊಂಗೆಗಳಲ್ಲಿ ಒಂದೋ ಎರಡೋ ಮಾತ್ರ, ನೆಲದಿಂದ 12–15 ಅಡಿಗೆ ತಗ್ಗಿಸಿ. ಹೊರಮುಖವಾಗಿ ಹೋದ ಉಪಟೊಂಗೆಯ ಮೇಲ್ಭಾಗದಲ್ಲಿ ಕೊಯ್ಯಿರಿ, ಮರ ಅಗಲಕ್ಕೆ ತೆರೆದುಕೊಳ್ಳುತ್ತದೆ.

ಮೂರನೆಯ ವರ್ಷ: ಉಳಿದವುಗಳ ಎತ್ತರ ತಗ್ಗಿಸಿ. ಅಷ್ಟರಲ್ಲಿ ಮೊದಲ ವರ್ಷದ ಗಾಯದ ಹತ್ತಿರ ಬಂದ ಚಿಗುರು ಟೊಂಗೆಯಾಗಿ ಎಲೆ ತುಂಬಿರುತ್ತದೆ, ಮರಕ್ಕೆ ಅನ್ನ ಕಡಿಮೆಯಾಗುವುದಿಲ್ಲ.

ಯಾವ ವರ್ಷವೂ ಹಸಿರಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಪಡುವಣ ಮತ್ತು ತೆಂಕಣ ಬದಿಯ ಎಲೆಯನ್ನು ಕೊನೆಗೆ ಮುಟ್ಟಿ, ಮಧ್ಯಾಹ್ನದ ಬಿಸಿಲು ಬೊಡ್ಡೆಗೆ ಬೀಳದಂತೆ ಕಾಯುವುದು ಅದೇ. ಬಯಲಾದ ಬೊಡ್ಡೆಗೆ, ತೋಳುಗಳಿಗೆ ಸುಣ್ಣ ಬಳಿಯಿರಿ.

ಡಿಸೆಂಬರ್–ಜನವರಿ ಏಕೆಂದರೆ, ಆಗ ಬಿಸಿಲು ಹಗುರ, ಮಳೆ ಇಲ್ಲ, ಗಾಯ ಒಣಗುತ್ತದೆ, ಬೇಸಿಗೆಯ ಚಿಗುರು ಹೊರಡುವ ಮೊದಲು ಕೆಲಸ ಮುಗಿಯುತ್ತದೆ. ಕೊಯ್ದ ಟೊಂಗೆಯ ಆ ವರ್ಷದ ಹೂ ಹೋಗುತ್ತದೆ ನಿಜ, ಉಳಿದ ಟೊಂಗೆಯಲ್ಲಿ ಇರುತ್ತದೆ. ಮೂರು ವರ್ಷಕ್ಕೆ ಹಂಚುವುದರ ಇನ್ನೊಂದು ಲಾಭ ಇದು. ಮನೆಯ ಉಪ್ಪಿನಕಾಯಿ ಪೂರ್ತಿ ನಿಲ್ಲುವುದಿಲ್ಲ.

ಕೊಯ್ಯುವ ರೀತಿ, ಗಾಯಕ್ಕೆ ಮದ್ದು

ಕೊಡಲಿ ಬೇಡ, ಗರಗಸ ಬೇಕು. ಕೊಡಲಿ ಏಟಿಗೆ ಕಟ್ಟಿಗೆ ಸೀಳುತ್ತದೆ, ಸೀಳಿನಲ್ಲಿ ನೀರು ನಿಂತು ಕೊಳೆಯುತ್ತದೆ. ದಪ್ಪ ಟೊಂಗೆಯನ್ನು ಮೂರು ಕೊಯ್ತದಲ್ಲಿ ತೆಗೆಯಬೇಕು. ಮೊದಲು ಬೊಡ್ಡೆಯಿಂದ ಒಂದು ಮೊಳ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಕೊಯ್ಯಿರಿ. ಅದಕ್ಕಿಂತ ನಾಲ್ಕು ಬೆರಳು ಆಚೆ ಮೇಲಿನಿಂದ ಕೊಯ್ದು ಟೊಂಗೆ ಕೆಡವಿ. ಕೊನೆಗೆ ಉಳಿದ ಮೋಟನ್ನು ಬೊಡ್ಡೆಯ ಹತ್ತಿರದ ಉಬ್ಬಿದ ಉಂಗುರದ ಹೊರಗೆ ಕೊಯ್ಯಿರಿ. ಕೆಳಗಿನ ಕೊಯ್ತ ಮಾಡದಿದ್ದರೆ ಟೊಂಗೆ ತನ್ನ ಭಾರಕ್ಕೆ ಬೀಳುವಾಗ ಬೊಡ್ಡೆಯ ತೊಗಟೆಯನ್ನೇ ಹರಿದುಕೊಂಡು ಹೋಗುತ್ತದೆ. ಆ ಉಂಗುರ ಉಳಿದರೆ ಮರವೇ ಗಾಯ ಮುಚ್ಚಿಕೊಳ್ಳುತ್ತದೆ. ನಡುವೆ ತಗ್ಗಿಸುವ ಟೊಂಗೆಯ ಕೊಯ್ತ ಓರೆಯಾಗಿರಲಿ, ನೀರು ಜಾರಿ ಹೋಗಲಿ.

ಗಾಯಕ್ಕೆ ಬೋರ್ಡೋ ಪೇಸ್ಟು ಅದೇ ದಿನ ಹಚ್ಚಿ. ದ್ರಾಕ್ಷಿಯವರಿಗೆ ಇದರ ಪರಿಚಯ ಇದೆ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟದಲ್ಲಿಯೇ 1880ರ ದಶಕದಲ್ಲಿ ಹುಟ್ಟಿದ ಮದ್ದು ಅದು. ಒಂದು ಕಿಲೋ ಮೈಲುತುತ್ತ, ಅಂದರೆ ನಮ್ಮ ಅಂಗಡಿಗಳಲ್ಲಿ ಕೇಳುವ ಮೋರಚೂದ, 5 ಲೀಟರ್ ನೀರಿನಲ್ಲಿ. ಒಂದು ಕಿಲೋ ಸುಣ್ಣ ಬೇರೆ 5 ಲೀಟರ್ ನೀರಿನಲ್ಲಿ. ಎರಡನ್ನೂ ಪ್ಲಾಸ್ಟಿಕ್ ಬಕೀಟಿನಲ್ಲಿ ಕಲಸಿ ಕುಂಚದಿಂದ ಹಚ್ಚಿ. ಕಬ್ಬಿಣದ ಪಾತ್ರೆ ಬೇಡ. ಕಲಸಿದ ಮೇಲೆ ಉಜ್ಜಿದ ಚಾಕು ಅದ್ದಿ ನೋಡಿ. ಕೆಂಪು ಬಣ್ಣ ಹಿಡಿದರೆ ಸುಣ್ಣ ಕಡಿಮೆಯಾಗಿದೆ, ಇನ್ನಷ್ಟು ಹಾಕಿ. ಅಂದಿನದು ಅಂದೇ ಮುಗಿಸಿ, ನಾಳೆಗೆ ಇಡಬೇಡಿ.

ಇಳಿಜಾರಿನ ಹೊಲದ ಎಚ್ಚರ

ಇಳಿಜಾರಿನ ಮರ ತೆಳಗಿನ ಕಡೆಗೆ ಹೆಚ್ಚು ಚಾಚಿರುತ್ತದೆ, ಭಾರವೂ ಆ ಕಡೆಗೇ. ಆದ್ದರಿಂದ ಟೊಂಗೆ ಆರಿಸುವಾಗ ತೆಳಗಿನ ಬದಿಯ ಭಾರ ಮೊದಲು ಹಗುರ ಮಾಡಿ. ಮೇಲಿನ ಬದಿಯನ್ನೇ ಮೊದಲು ಬೋಳು ಮಾಡಿದರೆ ಮರ ಗಾಳಿಗೆ ವಾಲುತ್ತದೆ.

ಕೆಲಸ ಮಾಡುವವರು ಮೇಲಿನ ಬದಿಗೆ ನಿಲ್ಲಬೇಕು. ಕಡಿದ ದಿಂಡು ಉರುಳುವುದು ಕೆಳಕ್ಕೆ. ಆ ದಾರಿಯಲ್ಲಿ ಮಂದಿ, ದನ, ಮೋಟರ್‌ಸೈಕಲ್ ಯಾವುದೂ ಇರಬಾರದು. ಏಣಿಯ ಕಾಲು ಇಳಿಜಾರಿನಲ್ಲಿ ಸರಿಯುತ್ತದೆ, ನೆಲ ಅಗೆದು ಮಟ್ಟ ಮಾಡಿ ಇಡಿ, ಮೇಲ್ತುದಿ ಕಟ್ಟಿ. ದೊಡ್ಡ ಟೊಂಗೆಗೆ ಹಗ್ಗ ಕಟ್ಟಿ ನಿಧಾನ ಇಳಿಸಿ. ಜೇನು ಇದೆಯೇ ಎಂದು ಮೊದಲೇ ನೋಡಿ. ಕರೆಂಟಿನ ತಂತಿ ಹತ್ತಿರ ಇದ್ದರೆ ಲೈನ್‌ಮನ್ ಬಂದು ಬಂದ್ ಮಾಡುವವರೆಗೆ ಯಾರೂ ಹತ್ತಬಾರದು. ಅರವತ್ತು ದಾಟಿದ ಸದಸ್ಯರು ಕೆಳಗೆ ನಿಂತು ಸಲಹೆ ಕೊಟ್ಟರೆ ಸಾಕು. ನಮ್ಮನ್ನೂ ಸೇರಿಸಿ ಹೇಳುತ್ತಿದ್ದೇವೆ.

ಇನ್ನು ಮಣ್ಣು. ಮಳೆ ನೀರು ಓಡಿ ಓಡಿ ತೆಳಗಿನ ಬದಿಯ ಬೇರು ಬಯಲಾಗಿರುತ್ತದೆ. ಪ್ರತಿ ಮರದ ತೆಳಗಿನ ಬದಿಗೆ, ಟೊಂಗೆಯ ನೆರಳು ಮುಗಿಯುವ ಅಂಚಿನಲ್ಲಿ, ಅರ್ಧಚಂದ್ರದಂತೆ ಕಲ್ಲು ಮಣ್ಣಿನ ಒಡ್ಡು ಹಾಕಿ. ಮೇಲಿನಿಂದ ಬಂದ ನೀರು ಅಲ್ಲಿ ನಿಂತು ಇಂಗುತ್ತದೆ. ಕಡಿದ ಸಣ್ಣ ಕಡ್ಡಿ ಎಲೆಗಳನ್ನು ಸುಡಬೇಡಿ, ಇಳಿಜಾರಿಗೆ ಅಡ್ಡವಾಗಿ ಸಾಲು ಒಟ್ಟಿದರೆ ಮಣ್ಣು ತಡೆಯುತ್ತವೆ. ಹುಳು ಬಿದ್ದ ಕಟ್ಟಿಗೆ ಮಾತ್ರ ಸುಡಲೇಬೇಕು. ದಪ್ಪ ದಿಂಡುಗಳನ್ನು ಮರದ ಬುಡದಲ್ಲಿ ಒಟ್ಟದೆ ಮನೆಗೆ ಸಾಗಿಸಿ. ತಿಪ್ಪೆಗೊಬ್ಬರವನ್ನು ಬೊಡ್ಡೆಗೆ ಸುರಿಯುವುದು ವ್ಯರ್ಥ. ಉಣ್ಣುವ ಬೇರು ಟೊಂಗೆಯ ಅಂಚಿನ ಕೆಳಗಿರುತ್ತವೆ, ಅಲ್ಲಿ ಕೊಡಿ, ಅದರಲ್ಲೂ ಮೇಲಿನ ಬದಿಗೆ ಹೆಚ್ಚು. ಮಾರ್ಚಿನಿಂದ ಮಳೆ ಬರುವವರೆಗೆ ಹದಿನೈದು ದಿನಕ್ಕೊಮ್ಮೆ ನೀರು ಸಿಕ್ಕರೆ ಚಿಗುರು ನಿಲ್ಲುತ್ತದೆ. ಸಲಗರೆಯಲ್ಲಿ ಟ್ಯಾಂಕರಿನಿಂದ ಕೊಡಬೇಕಾಯಿತು.

ಚಿಗುರು ಆರಿಸುವುದು, ಹುಳು ಹುಡುಕುವುದು

ಕೊಯ್ದು ಮೂರು ನಾಲ್ಕು ತಿಂಗಳಿಗೆ ಗಾಯದ ಕೆಳಗೆ ಪೊರಕೆಯಂತೆ ಚಿಗುರು ಬರುತ್ತದೆ. ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತು ಎಂದು ತಿಳಿಯುತ್ತಾರೆ. ಹಾಗೆ ಬಿಟ್ಟರೆ ಐದು ವರ್ಷಕ್ಕೆ ಮತ್ತೆ ಅದೇ ಕತ್ತಲು. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಎರಡು ಮೂರು ಸಲ ಹೋಗಿ, ಒಂದೊಂದು ತೋಳಿಗೆ ಹೊರಮುಖವಾದ, ಗಟ್ಟಿಯಾದ 8–10 ಚಿಗುರು ಬಿಟ್ಟು ಉಳಿದದ್ದನ್ನು ಚಾಟಣಿ ಕತ್ತರಿಯಿಂದ ತೆಗೆಯಿರಿ. ಜವಾರಿ ಕಾಯಿ ಹುಳಿ ಎನಿಸಿದರೆ ಇದೇ ಚಿಗುರಿಗೆ ಕೇಸರ ಅಥವಾ ಆಪೂಸ್ ಕಸಿ ಕಟ್ಟಿಸಬಹುದು. ಸಲಗರೆಯಲ್ಲಿ ಒಂದು ಮರದ ಎರಡು ತೋಳಿಗೆ ಮಾತ್ರ ಕಟ್ಟಿಸಿದ್ದಾರೆ. ಉಪ್ಪಿನಕಾಯಿಗೆ ಜವಾರಿಯೇ ಬೇಕೆಂದು ಆಯಿ ಹೇಳಿದ್ದರಿಂದ ಉಳಿದವು ಹಾಗೆಯೇ ಇವೆ.

ಕೊಯ್ದ ಮರಕ್ಕೆ ದೊಡ್ಡ ವೈರಿ ಕಾಂಡ ಕೊರೆಯುವ ಹುಳು. ಬೊಡ್ಡೆಯ ಮೇಲೆ ತೂತು, ಕೆಳಗೆ ಗರಗಸದ ಹೊಟ್ಟಿನಂಥ ಪುಡಿ ಕಂಡರೆ ಒಳಗೆ ಹುಳು ಇದೆ ಎಂದೇ ತಿಳಿಯಿರಿ. ಸೈಕಲ್ಲಿನ ಕಡ್ಡಿ ಹಾಕಿ ಹುಳು ಎಳೆದು ತೆಗೆದು, ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ, ಹಸಿಮಣ್ಣಿನಿಂದ ತೂತು ಮುಚ್ಚಿ. ಮಳೆಗಾಲದಲ್ಲಿ ಮತ್ತು ನಂತರ ವಾರಕ್ಕೊಮ್ಮೆಯಾದರೂ ನೋಡಬೇಕು. ನಮ್ಮ ಮೊದಲ ಮರ ಸತ್ತದ್ದು ಬಿಸಿಲಿಗೆ ಸೀಳಿ, ಆ ಸೀಳಿನ ಹುಳುವನ್ನು ಯಾರೂ ನೋಡದೆ.

ಎತ್ತರ ತಗ್ಗಿದ ಮೇಲೆ ಹಣ್ಣು ಮುಗಿದ ಕೂಡಲೇ, ಜೂನಿನಲ್ಲಿ, ತುದಿಗಳನ್ನು ಹಗುರಾಗಿ ಸವರಿದರೆ ಸಾಕು. ಆಗ ಬಂದ ಚಿಗುರಿಗೆ ಚಳಿಗಾಲದೊಳಗೆ ಬಲಿಯಲು ಸಮಯ ಸಿಗುತ್ತದೆ. ತಡಮಾಡಿ ಅಕ್ಟೋಬರಿನಲ್ಲಿ ದ್ರಾಕ್ಷಿಯ ಜೊತೆಗೆ ಇದನ್ನೂ ಕತ್ತರಿಸಿದರೆ ಆ ವರ್ಷದ ಹೂ ಕತ್ತರಿಸಿದಂತೆ.

ಕಾಗದಪತ್ರದ ಮಾತು

ಇದು ನಮ್ಮ ಹಳೆಯ ಕೆಲಸ, ಹೇಳದೆ ಬಿಡಲಾರೆವು. ಮಹಾರಾಷ್ಟ್ರದಲ್ಲಿ ಮರ ಕಡಿಯುವುದನ್ನು ನಿಯಂತ್ರಿಸುವ 1964ರ ಕಾಯ್ದೆಯ ಪಟ್ಟಿಯಲ್ಲಿ ಮಾವೂ ಇದೆ. ಸ್ವಂತ ಹೊಲದಲ್ಲಿದ್ದರೂ ಅನುಮತಿ ಇಲ್ಲದೆ ಬುಡಸಹಿತ ಕಡಿಯುವಂತಿಲ್ಲ. ದೊಡ್ಡ ಟೊಂಗೆ ಇಳಿಸುವ ಮೊದಲೂ ತಲಾಠಿಯವರಿಗೆ ಒಂದು ಅರ್ಜಿ ಕೊಟ್ಟು ಕೇಳಿಕೊಂಡರೆ ಮುಂದೆ ತಕರಾರು ಇರುವುದಿಲ್ಲ. ಕರ್ನಾಟಕದ ಸದಸ್ಯರಿಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯ, ಅವರು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು. ಸಾತ್‌ಬಾರಾದಲ್ಲಿ ಅಣ್ಣತಮ್ಮಂದಿರ ಹೆಸರು ಕೂಡಿದ್ದರೆ ಎಲ್ಲರ ಒಪ್ಪಿಗೆ ಬರಹದಲ್ಲಿರಲಿ. ಮರಾಠಿ ಅರ್ಜಿ ಬರೆಯಲು ತೊಂದರೆ ಇರುವವರು ಸಂಘದ ಕಚೇರಿಗೆ ಬನ್ನಿ, ಬರೆದುಕೊಡುತ್ತೇವೆ.

ಈಗ ಆ ಹೊಲ

ಮೂರು ಡಿಸೆಂಬರ್ ಮುಗಿದವು. ಈ ಬೇಸಿಗೆಯಲ್ಲಿ ಹತ್ತರಲ್ಲಿ ಎಂಟು ಮರ ಹೊಸ ಟೊಂಗೆಯಲ್ಲಿ ಕಾಯಿ ಹಿಡಿದವು. ಎರಡು ಇನ್ನೂ ಹಿಡಿದಿಲ್ಲ. ಅದರಲ್ಲಿ ಒಂದಕ್ಕೆ ಹುಳುವಿನ ಪೆಟ್ಟು ಬಿದ್ದಿದೆ, ಅದು ಉಳಿಯುತ್ತದೆಂದು ನಾವು ಮಾತು ಕೊಡಲಾರೆವು. ದ್ರಾಕ್ಷಿಯ ಆದಾಯಕ್ಕೆ ಇದನ್ನು ಹೋಲಿಸಲಾಗದು. ಆದರೆ ಕಾಯಿ ಕೈಗೆ ಸಿಗುತ್ತವೆ. ಇಳಿಜಾರಿನ ಹೊಲದಲ್ಲಿ ಮೇಲಿನ ಬದಿಗೆ ನಿಂತರೆ ತಗ್ಗಿದ ಟೊಂಗೆ ಎದೆಮಟ್ಟಕ್ಕೆ ಬರುತ್ತದೆ. ಆಯಿ ಕೋಲು ಊರಿ ನಿಂತು ಒಂದು ಬುಟ್ಟಿ ಕಾಯಿಯನ್ನು ತಾವೇ ಕಿತ್ತರು.

ಮೂರು ವರ್ಷದ ಕರಾರು ಈ ಮಳೆಗಾಲಕ್ಕೆ ಮುಗಿಯಿತು. ಕಟ್ಟಿಗೆ ವ್ಯಾಪಾರಿ ಮತ್ತೆ ಬಂದಿದ್ದನಂತೆ. ದ್ರಾಕ್ಷಿ ಹಚ್ಚೋಣ ಎಂದಿದ್ದ ನಡುವಿನ ತಮ್ಮನೇ ನಮಗೆ ಫೋನ್ ಮಾಡಿ, “ಕಾಕಾ, ಆ ಕಾಗದಾ ಇನ್ನೂ ಮೂರು ವರ್ಷಕ್ಕ ಬರದಿಡ್ರಿ” ಎಂದರು. ಬರೆದುಕೊಟ್ಟೆವು.

ಹಳೆಯ ಮರ ಇರುವ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಕೊಡಲಿ ಹಚ್ಚುವ ಮೊದಲು, ಬೋಳು ಮಾಡುವ ಮೊದಲು, ಮೂರು ವರ್ಷ ಕೊಡಿ. ಈ ಡಿಸೆಂಬರಿನಲ್ಲಿ ಒಂದೇ ಒಂದು ಮರದಿಂದ ಶುರು ಮಾಡಿ. ಮುಂದಿನ ಮಾಸಿಕ ಸಭೆಗೆ ಬರುವಾಗ ನಿಮ್ಮ ಮರದ ಫೋಟೋ ತನ್ನಿ, ಕೂತು ಗುರುತು ಹಾಕೋಣ.

– ಕಾರ್ಯದರ್ಶಿ